ದಸರೆಯಲ್ಲಿ ಆಡುತ್ತಿದ್ದ ಜಪಾನಿನ ಪಂದ್ಯ

ಹೊಟ್ಟೆಕಿಚ್ಚು ಅಂತ ಒಪ್ಪಿಕೊಂಡೇ ಬರೆಯುತ್ತೇನೆ. ತೊಂಬತ್ತರ ದಶಕದಲ್ಲಿ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ನಾನು ಮತ್ತು ನನ್ನ ಗೆಳೆಯ ಅಕ್ಕಪಕ್ಕದ ಮೇಜಿನವರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ನಾನು ವಾಡಿಯಲ್ಲಿ ಹತ್ತಿ ಅವನಿಗೊಂದು ಜಾಗ ಹಿಡಿಯುತ್ತಿದ್ದೆ, ಅವನು ಚಿತ್ತಾಪುರದಲ್ಲಿ ಹತ್ತಿ ಅದರಲ್ಲಿ ಕೂಡುತ್ತಿದ್ದ.

ಜಪಾನಿಗೆ ನಾಲ್ಕು ತಿಂಗಳ ತರಬೇತಿಗೆ ಒಬ್ಬರನ್ನು ಕಳಿಸುವುದೆಂದಾಯಿತು. ನಕ್ಷೆ ಎಳೆಯುವುದರಲ್ಲಿ ನನ್ನ ಕೈ ಅವನಿಗಿಂತ ಚುರುಕು. ಹಾಗಂತ ಅವನೇ ಹೇಳುತ್ತಿದ್ದ. ಹೋದವನು ಮಾತ್ರ ಅವನು. ಆಚಾರ್ಯರ ಮನೆತನ, ಹೊರಗೆ ಚಹಾ ಸಹ ಮುಟ್ಟುವವನಲ್ಲ. ಯುಗಾದಿ ಮುಗಿಸಿ, ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರು ಕಟ್ಟಿಕೊಂಡು ವಿಮಾನ ಹತ್ತಿದ. ಸಿಕ್ಕಿದ್ದೆಲ್ಲ ತಿನ್ನುವ ನಾನು ವಾಡಿಯಲ್ಲೇ ಉಳಿದೆ. ನಾಗರಪಂಚಮಿಗೆ ಅವನು ವಾಪಸು ಬಂದ.

ತಂದದ್ದು ಒಂದು ಪುಸ್ತಿಕೆ, ಅಲ್ಲಿನ ಯಾವುದೋ ದೊಡ್ಡ ಗಾಲ್ಫ್ ಪಂದ್ಯದ್ದು. ಟಿವಿಯಲ್ಲಿ ಗಾಲ್ಫ್ ಬಂದರೆ ಚಾನೆಲ್ ತಿರುಗಿಸುವ ಮಂದಿ ನಾವು. ಅಂಥವರ ಮುಂದೆ ಇವನು ಆ ಪಂದ್ಯದ ಚರಿತ್ರೆ ಬಿಚ್ಚಿದ. ಮೊದಲ ವರ್ಷ ಸಮುದ್ರದ ದಂಡೆಯ ಸಣ್ಣ ಮೈದಾನವಂತೆ, ಆಡುವವರಿಗಿಂತ ನೋಡುವವರೇ ಕಡಿಮೆ. ಆಮೇಲೆ ಒಂದು ಕಂಪನಿ ಖರ್ಚು ಹೊತ್ತು ತನ್ನ ಹೆಸರಿಟ್ಟಿತು, ಪರದೇಶದ ಹುಲಿಗಳೆಲ್ಲ ಆಡಲು ಬಂದರು. ಒಂದು ವರ್ಷ ಮಳೆ ಹಿಡಿಯಿತು. ಕೊನೆಯ ಹೊಡೆತಕ್ಕೆ ಆಟಗಾರ ನೆನೆಯುತ್ತ ನಿಂತಿದ್ದಾನೆ, ತಾನು ಹೇಗೆ ಛತ್ರಿ ಹಿಡಿಯಲಿ ಎಂದು ಒಬ್ಬ ಮುದುಕ ತನ್ನ ಛತ್ರಿ ಮಡಚಿದ. ನೋಡನೋಡುತ್ತ ಮೈದಾನದ ಛತ್ರಿಗಳೆಲ್ಲ ಮಡಚಿಕೊಂಡವು. ಚೆಂಡು ಉರುಳಿ ಬಂದು ಕುಳಿಯ ಅಂಚಿಗೆ ನಿಂತು, ಯೋಚನೆ ಮಾಡಿ, ಒಳಗೆ ಬಿತ್ತು.

ಇದನ್ನು ಹೇಳುವಾಗ ಗಾಡಿಯಲ್ಲಿ ಇಸ್ಪೀಟು ಆಡುವವರು ಎಲೆ ಬೋರಲು ಹಾಕಿ ಕೇಳುತ್ತಿದ್ದರು. ಎಲ್ಲರೂ ಅವನು ಕಣ್ಣಾರೆ ನೋಡಿದ್ದಾನೆಂದೇ ತಿಳಿದಿದ್ದರು, ಅವನೂ ತಿದ್ದಲಿಲ್ಲ. ಜಾಗ ಹಿಡಿದ ನಾನು ಕಿಟಕಿಯ ಕಡೆ ಮುಖ ಮಾಡಿ ಕಲ್ಲಿನ ಗಣಿ ಎಣಿಸುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸೇಡಮ್ಮಿನಲ್ಲಿ ಇಂಟರ್ನೆಟ್ ಅಂಗಡಿ ಬಂತು. ನಾನು ಮೊದಲು ಹುಡುಕಿದ್ದೇ ಆ ಪಂದ್ಯವನ್ನು. ಎರಡು ಸಂಗತಿ ಸಿಕ್ಕವು. ಕಂಪನಿ ಕೈ ಎತ್ತಿದ್ದರಿಂದ ಪಂದ್ಯ ನಿಂತೇಹೋಗಿತ್ತು. ಇನ್ನೊಂದು, ನಡೆಯುತ್ತಿದ್ದಷ್ಟು ಕಾಲವೂ ಅದು ನಡೆದದ್ದು ನಮ್ಮ ದಸರೆಯ ಸುಮಾರಿಗೆ. ಪಂಚಮಿಗೆ ಇಲ್ಲಿ ಉಂಡಿ ತಿಂದವನು ದಸರೆಯ ಪಂದ್ಯ ಅಲ್ಲಿ ಹೇಗೆ ನೋಡಿದ? ಅಂಗಡಿಯವನಿಂದ ಹಾಳೆ ಮುದ್ರಿಸಿಕೊಂಡೆ. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಗಾಡಿಯಲ್ಲಿ ಎಲ್ಲರೆದುರು ಓದಿದೆ, ತಿಂಗಳನ್ನು ಎರಡು ಸಲ ಓದಿದೆ. ಅವನು ಹಾಳೆ ಇಸಿದುಕೊಂಡು ತಾನೇ ಓದಿದ.

"ಬಂದ್ ಆಯ್ತೇನು?" ಅಂದ. ಸಿಕ್ಕಿಬಿದ್ದ ನಾಚಿಕೆ ಆ ಮುಖದಲ್ಲಿರಲಿಲ್ಲ. "ನಾ ನೋಡಿಲ್ಲೋ. ಹಾಸ್ಟೆಲ್ಲಿನಾಗ ನನ್ನ ಅಡಗಿ ನಾನ ಮಾಡ್ಕೊಂಡು ಒಬ್ಬನ ಕುಂದರ್ತಿದ್ದೆ. ಅಲ್ಲಿ ಕಾವಲಿಗಿದ್ದ ಮುದುಕ ದಿನಾ ಸಂಜಿಗಿ ಬಂದು, ಈ ಪುಸ್ತಕ ತೆಗದು, ಕೈಸನ್ನಿ ಮಾಡಿ ಹೇಳ್ತಿದ್ದ. ಮೊದಲ ಛತ್ರಿ ಮಡಚಿದಾಂವ ಅವನ. ಒಂದು ವರ್ಷನೂ ತಪ್ಪಿಸಿದಾಂವಲ್ಲ. ಈಗ ದಸರಾಕ್ಕ ಎಲ್ಲಿಗಿ ಹೋಗ್ತಾನೋ ಏನೋ."

ನೆಲಕ್ಕೆ ಹಾಸುವ ಪರ್ಸಿಕಲ್ಲು ಮಾರುವ ಶಹಾಬಾದಿನ ವ್ಯಾಪಾರಿಯೊಬ್ಬ ಇಸ್ಪೀಟಿನ ಎಲೆ ಬೋರಲು ಹಾಕಿದ. "ಇರ್ಲಿ ಬಿಡ್ರಿ. ಮಳಿ ಬಂದ ವರ್ಷದ್ದು ಇನ್ನೊಮ್ಮೆ ಹೇಳ್ರಿ," ಅಂದ.

ಅವನು ಹೇಳಿದ. ನಾನು ಹಾಳೆ ಮಡಚಿ ಜೇಬಿಗಿಟ್ಟೆ. ಛತ್ರಿಯ ಜಾಗಕ್ಕೆ ಬಂದಾಗ ನಾನೂ ಕಿಟಕಿಯಿಂದ ಮುಖ ತಿರುಗಿಸಿದ್ದೆ.

ನನ್ನನ್ನು ಕಳಿಸಿದ್ದರೆ ಜಪಾನೆಲ್ಲ ತಿರುಗಿ, ತಿಂದು, ಫೋಟೋ ತೆಗೆಸಿಕೊಂಡು ಬರುತ್ತಿದ್ದೆ. ಆ ಮುದುಕನ ಜೊತೆ ಒಂದು ಸಂಜೆಯೂ ಕೂಡುತ್ತಿರಲಿಲ್ಲ. ಇದು ಗೊತ್ತಾದ ಮೇಲೆ ಹೊಟ್ಟೆಯ ಉರಿ ಆರಲಿಲ್ಲ, ಇನ್ನೂ ಹೆಚ್ಚಾಯಿತು.