ಜಯಕ್ಕನ ವ್ರೂಮ್

ಸ್ಕೂಟರ್ ಕಲಿಸುವ ಮೊದಲು ಜಯಕ್ಕ ನಮ್ಮ ಚಪ್ಪಲಿ ಕಸಿದುಕೊಳ್ಳುತ್ತಿದ್ದರು. ಚಪ್ಪಲಿ ಇದ್ದರೆ ಹೆಂಗಸರು ಭಯಕ್ಕೆ ಎರಡೂ ಕಾಲು ನೆಲಕ್ಕೆ ಉಜ್ಜಿಕೊಂಡೇ ಗಾಡಿ ಓಡಿಸುತ್ತಾರೆ. ಬರಿಗಾಲಾದರೆ, ಟಾರು ತಗುಲಿದ ಕೂಡಲೇ ಕಾಲು ತಾನಾಗಿ ಮೇಲೆ ಬರುತ್ತದೆ. ಬೋಗಾದಿಯ ಹೊಸ ಬಡಾವಣೆಯಲ್ಲಿ, ಇನ್ನೂ ಮನೆ ಏಳದ ರಸ್ತೆಗಳಲ್ಲಿ ನಮ್ಮ ಪಾಠ. ಎಲ್ಲರ ಚಪ್ಪಲಿಯೂ ಒಂದು ಅಕ್ಕಿಚೀಲದಲ್ಲಿ.

"ವ್ರೂಮ್" ಎನ್ನುವುದು ಅವರ ಮಾತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆಟದ ಕಾರು ತಳ್ಳುವ ಮಕ್ಕಳ ಬಾಯಲ್ಲಿ ಅದನ್ನು ಕೇಳಿ, ನಾನು ಅಡುಗೆ ಮಾಡುವ ಪಿ.ಜಿ.ಯ ಹುಡುಗಿಯೊಬ್ಬಳನ್ನು ಅರ್ಥ ಕೇಳಿದ್ದರು. ಇಂಗ್ಲಿಷ್ ಪದ, ಇಂಜಿನ್ನಿನ ಸದ್ದು, ಜೋರಾಗಿ ಹೋಗುವುದಕ್ಕೂ ಹಾಗೇ ಅನ್ನುತ್ತಾರೆ ಎಂದಳು. "ನಮ್ಮ ಬುರ್ರ್‌ಗೆ ಇಷ್ಟು ದಮ್ಮಿಲ್ಲ ಬುಡು," ಎಂದು ಜಯಕ್ಕ ಅದನ್ನು ತಮ್ಮದು ಮಾಡಿಕೊಂಡರು. ಆಕ್ಸಿಲರೇಟರ್ ತಿರುಗಿಸು ಎನ್ನಲು ವ್ರೂಮ್. ಹೊತ್ತಾಯಿತು, ಹೊರಡು ಎನ್ನಲೂ ವ್ರೂಮ್. ಮನೆಯಲ್ಲಿ ಬೈಸಿಕೊಂಡು ಕಣ್ಣು ಕೆಂಪಾಗಿ ಬಂದವಳಿಗೆ, "ನೀನೂ ಒಂದ್ಸಲ ವ್ರೂಮ್ ಅನ್ನು ಕಣಮ್ಮ," ಎನ್ನುತ್ತಿದ್ದರು. ಅಂದರೆ, ಎದುರು ಮಾತಾಡು. ಅವರು ಕಲಿಸಿದ್ದರಲ್ಲಿ ನನಗೆ ಬಾರದೆ ಉಳಿದದ್ದು ಅದೊಂದೇ.

ಒಂದು ಬೆಳಿಗ್ಗೆ ನನ್ನ ಗಂಡನ ಅಣ್ಣ ಅಲ್ಲಿಗೇ ಬಂದು, ಮನೆ ಹೆಂಗಸರಿಗೆ ಇದೆಲ್ಲ ಯಾಕೆ ಎಂದು ರೇಗಾಡಿದರು. ನಾನು ಗಾಡಿ ಇಳಿದು ತಲೆ ತಗ್ಗಿಸಿ ನಿಂತೆ. ಜಯಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಂಗೂ ಬಂದಿದ್ದೀರಲ್ಲ ಸ್ವಾಮಿ, ಆ ಪಾಯದ ಸೈಜುಗಲ್ಲು ದಾರಿಗೆ ಅಡ್ಡ ಬಿದ್ದದೆ. ಒಸಿ ಪಕ್ಕಕ್ಕೆ ಎತ್ತಾಕ್ಬುಡಿ," ಎಂದರು. ನಮ್ಮ ಭಾವ ಕಲ್ಲು ಎತ್ತಿ ಹಾಕಿ ಹೋದರು. ನಾನು ಮತ್ತೆ ಗಾಡಿ ಹತ್ತಿದೆ.

ಹೋದ ತಿಂಗಳು ಎದೆನೋವು ಬಂದು ಜಯಕ್ಕ ತೀರಿಕೊಂಡರು. ವಿದ್ಯಾರಣ್ಯಪುರಂನ ಅವರ ಬಾಡಿಗೆ ಮನೆಯ ಮುಂದೆ ಹನ್ನೊಂದು ಸ್ಕೂಟರ್ ನಿಂತಿದ್ದವು, ಎಲ್ಲ ಅವರ ಕೈಯಲ್ಲಿ ಕಲಿತವರದ್ದು. ಹೆಣವನ್ನು ವ್ಯಾನಿಗೆ ಏರಿಸಿದ ಮೇಲೆ ಅವರ ತಮ್ಮ ಶಿವಣ್ಣ ನಮ್ಮ ಕಡೆ ತಿರುಗಿ, ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲ, ಇಲ್ಲಿಂದಲೇ ಕೈ ಮುಗಿಯಿರಿ ಎಂದರು. ಜಯಕ್ಕನನ್ನು ಅರ್ಧ ದಾರಿಗೆ ಬಿಟ್ಟು ಮನೆಗೆ ಹೋಗಿ ನಾನು ಒಲೆ ಹಚ್ಚಲಾರೆ ಎನ್ನಿಸಿತು.

"ನಾವು ಬರ್ತೀವಿ ಅಣ್ಣ," ಎಂದೆ.

"ದೊಡ್ಡೋರು ಒಪ್ಪಲ್ಲ ಕಣಮ್ಮ."

"ನಾವು ಕೇಳ್ತಿಲ್ಲ ಅಣ್ಣ, ಹೇಳ್ತಿದೀವಿ. ನೀವು ಮುಂದೆ ನಡೀರಿ."

ನನ್ನ ದನಿ ಎಲ್ಲರಿಗೂ ಕೇಳಿಸಿತು. ವ್ಯಾನಿನ ಹಿಂದೆ ಹನ್ನೊಂದು ಗಾಡಿಗಳೂ ಹೊರಟವು.

ಸ್ಮಶಾನದಲ್ಲಿ, ಗುಂಡಿಯ ಹತ್ತಿರ ಒಬ್ಬ ಮುದುಕರು ಕೈ ಅಡ್ಡ ಹಿಡಿದರು. ಶಿವಣ್ಣ ನನ್ನ ಮುಖ ನೋಡಿದರು, ಆಮೇಲೆ ಆ ಕೈಯನ್ನು ಮೆಲ್ಲಗೆ ಇಳಿಸಿದರು. ಇಳಿಸದಿದ್ದರೂ ನಾನು ನಿಲ್ಲುತ್ತಿರಲಿಲ್ಲ. ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದೆ.