ಮಗಳಿಗೆ ಶೇಂಗಾ ರೂಢಿಯಾದದ್ದು

ನಮ್ಮ ಮನೆತನ ವಿಜಯಪುರದ ಕಡೆಯದು. ಶೇಂಗಾ ಚಟ್ನಿಪುಡಿ ಇಲ್ಲದೆ ನನ್ನ ಅವ್ವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವಳ ಮೊಮ್ಮಗಳು, ಅಂದರೆ ನನ್ನ ಮಗಳು, ಮೂರನೇ ವಯಸ್ಸಿನಲ್ಲಿ ಒಂದು ಚೂರು ಶೇಂಗಾ ಉಂಡಿ ತಿಂದಳು. ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರಾಟ ಕಷ್ಟವಾಯಿತು. ರಿಕ್ಷಾ ಹಿಡಿದು ನಾವು ನೆಲೆಸಿರುವ ಡೊಂಬಿವಲಿಯ ಆಸ್ಪತ್ರೆಗೆ ಓಡಿದೆವು. ಇಂಜೆಕ್ಷನ್ ಕೊಟ್ಟ ಮೇಲೆ ಮಗಳು ಸುಧಾರಿಸಿದಳು. ಅವ್ವ ಸುಧಾರಿಸಲು ವಾರ ಬೇಕಾಯಿತು.

"ನಮ್ಮ ವಂಶದಾಗ ಶೇಂಗಾ ಆಗದವ್ರು ಯಾರೂ ಇಲ್ಲ," ಎಂದು ಅವ್ವ ನನ್ನ ಹೆಂಡತಿಯನ್ನು ನೋಡಿದಳು. ಹೆಂಡತಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ.

ಅಂದಿನಿಂದ ಮನೆಯಲ್ಲಿ ಶೇಂಗಾ ಬಂದ್. ಅವ್ವ ಮಾತ್ರ ದಿನಾ ಸಂಜೆ ಭಜನೆಗೆಂದು ಎದುರು ಮನೆಗೆ ಹೋಗತೊಡಗಿದಳು. ಭಜನೆ ಒಂದು ದಿನವೂ ಕೇಳಿಸಲಿಲ್ಲ. ವಾಪಸು ಬಂದವಳು ಬಾಯಿ ಮುಕ್ಕಳಿಸಿ, ಸೋಪು ಹಚ್ಚಿ ಕೈ ತೊಳೆದು, ಸೀರೆ ಬದಲಿಸಿಯೇ ಮೊಮ್ಮಗಳನ್ನು ಮುಟ್ಟುತ್ತಿದ್ದಳು.

ಮಗಳಿಗೆ ಎಂಟು ತುಂಬಿದಾಗ ನೆರೂಳದ ಅಲರ್ಜಿ ಡಾಕ್ಟರ ಬಳಿ ಹೋದೆವು. ಅವರು ಉಡುಪಿ ಕಡೆಯವರು, ಮೆಲ್ಲಗೆ ಮಾತಾಡುವವರು.

"ಮಗುವಿನ ದೇಹ ನೆಲಗಡಲೆಯನ್ನು ಶತ್ರು ಅಂತ ತಪ್ಪು ತಿಳಿದಿದೆ ಅಮ್ಮಾ. ಅದನ್ನೇ ಧೂಳಿನಷ್ಟು ದಿನಾ ತಿನ್ನಿಸಿ, ನಿಧಾನ ಹೆಚ್ಚಿಸಿ, ರೂಢಿ ಮಾಡಿಸುವುದು."

"ಕಡ್ಲಿ ಆಕಿಗೆ ಆಗ್ತದರಿ ಡಾಕ್ಟ್ರ. ಆಗದ್ದು ಶೇಂಗಾ."

"ಅವ್ವಾ, ಅವರು ಶೇಂಗಾಕ್ಕೇ ನೆಲಗಡಲೆ ಅಂತಾರ," ಎಂದೆ ನಾನು.

ಅವ್ವ ಎದ್ದು ನಿಂತಳು. "ಐದು ವರ್ಷ ಕಳ್ಳರಂಗ ಮಂದಿ ಮನ್ಯಾಗ ಕುಂತು ತಿಂದೇನಿ! ಇವ್ರು ಅದನ್ನ ಔಷಧ ಅಂತಾರ!" ಹೇಳಿಬಿಟ್ಟ ಮೇಲೆ ಏನು ಹೇಳಿದೆನೆಂದು ಗೊತ್ತಾಗಿ ಮೆಲ್ಲಗೆ ಕುಳಿತಳು.

ಮೊದಲ ಡೋಸು ಕ್ಲಿನಿಕ್ಕಿನಲ್ಲೇ ಆಯಿತು. ಬಾಯಿ ಸ್ವಲ್ಪ ತುರಿಸಿತು, ಅಷ್ಟೇ. ಮುಂದೆ ಅಷ್ಟನ್ನೇ ದಿನಾ ಮನೆಯಲ್ಲಿ ಮೊಸರಿಗೆ ಕಲಸಿ ಕೊಡಬೇಕು. ಹೆಚ್ಚಿಸುವಾಗ ಮಾತ್ರ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಹೋಗಬೇಕು. ಡೋಸಿನ ನಂತರ ಎರಡು ತಾಸು ಓಟ, ಕುಣಿತ, ಬಿಸಿನೀರ ಸ್ನಾನ ಯಾವುದೂ ಇಲ್ಲ. ಈ ಕಾನೂನಿನ ಉಸ್ತುವಾರಿ ಅವ್ವ ವಹಿಸಿಕೊಂಡಳು. ಮಗಳು ಅದರ ಲಾಭ ಪಡೆದಳು. ಹೋಂವರ್ಕ್ ಎಂದರೆ ಸಾಕು, ಸೋಫಾದ ಮೇಲೆ ಹೆಣದಂತೆ ಬಿದ್ದು, "ಅಜ್ಜಿ, ಡೋಸ್ ಲಿಯಾ ಹೈ, ಹಿಲ್ ನಹೀಂ ಸಕ್ತೀ," ಎನ್ನುವಳು.

"ಬ್ಯಾಡ ಬಿಡ ಕೂಸ, ಅಳ್ಳಾಡಬ್ಯಾಡ," ಎಂದು ಅವ್ವ ಪುಸ್ತಕ ಎತ್ತಿಡುವಳು.

ಒಂದು ಸಂಜೆ ಮಾತ್ರ ಅವ್ವನ ಕಣ್ಣು ತಪ್ಪಿತು. ನಮ್ಮ ವಸತಿ ಸೊಸೈಟಿಯ ಗಣಪತಿಗೆ ಕೆಳಗೆ ಡ್ಯಾನ್ಸ್ ತಾಲೀಮು ನಡೆದಿತ್ತು. ಡೋಸು ತಿಂದ ಕೂಡಲೇ ಹೋಗಿ ಕುಣಿದ ಮಗಳು ಕೈಕಾಲ ತುಂಬ ದದ್ದು ಎಬ್ಬಿಸಿಕೊಂಡು ಮೇಲೆ ಬಂದಳು. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಸಿರಪ್ ಕುಡಿಸಿದೆವು. ತುರ್ತಿಗೆಂದು ಅವರು ಮೊದಲೇ ಕೊಟ್ಟಿದ್ದ ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡು ಉಸಿರು ಎಣಿಸುತ್ತ ಕೂತೆವು. ದದ್ದು ಇಳಿದವು. ಡಾಕ್ಟರು ಡೋಸು ಒಂದು ಮೆಟ್ಟಿಲು ಇಳಿಸಿದರು.

ಕೆಲವು ತಿಂಗಳ ನಂತರ ರಕ್ತ ಪರೀಕ್ಷೆಯಲ್ಲಿ ಅಲರ್ಜಿಯ ಅಂಶ ಮೊದಲಿಗಿಂತ ಏರಿತ್ತು. ಅವ್ವ ಗಾಬರಿಯಾದಳು.

"ಶುರುವಿನಲ್ಲಿ ಏರುವುದುಂಟು, ಆಮೇಲೆ ಇಳಿಯುತ್ತದೆ," ಎಂದರು ಡಾಕ್ಟರು. "ಅಷ್ಟರಲ್ಲಿ ರಕ್ತದಲ್ಲಿ ಇನ್ನೊಂದು ಅಂಶ ಹೆಚ್ಚುತ್ತದೆ. ಅದು ಶೇಂಗಾವನ್ನು ತಾನೇ ಮೊದಲು ಹಿಡಿದುಕೊಂಡು ಗಲಾಟೆ ಆಗದಂತೆ ತಡೆಯುತ್ತದೆ." ನಮಗಾಗಿ ಅವರೂ ಶೇಂಗಾ ಎನ್ನಲು ಕಲಿತಿದ್ದರು.

ಎರಡನೇ ವರ್ಷ ಕ್ಲಿನಿಕ್ಕಿನಲ್ಲಿ ಕೂರಿಸಿ ಒಂದೊಂದಾಗಿ ಶೇಂಗಾ ತಿನ್ನಿಸಿ ನೋಡಿದರು. ಏನೂ ಆಗಲಿಲ್ಲ. "ವಾಸಿಯಾಯ್ತು ಅಂತ ಅಲ್ಲ. ತಪ್ಪಿ ಬಾಯಿಗೆ ಬಿದ್ದರೆ ಅಪಾಯ ಕಡಿಮೆ, ಅಷ್ಟೇ. ದಿನದ ಡೋಸು ನಿಲ್ಲಿಸಬೇಡಿ," ಎಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ರುಚಿ ಹೆಂಗೈತಿ ಎಂದು ಮೊಮ್ಮಗಳನ್ನು ಕೇಳಿದಳು.

"ಗಂದಾ ಹೈ," ಎಂದಳು ಮಗಳು, ಮುಖ ಕಿವುಚಿ.

ಅದೊಂದನ್ನು ಅವ್ವ ಇನ್ನೂ ಕ್ಷಮಿಸಿಲ್ಲ. ಆದರೂ ನೆರೂಳಕ್ಕೆ ತಪ್ಪದೆ ಬರುತ್ತಾಳೆ. ಹೋದ ತಿಂಗಳು ಅಲ್ಲಿ ಪುಟ್ಟ ಕೂಸನ್ನು ಎತ್ತಿಕೊಂಡು ಅಳುತ್ತಿದ್ದ ಮರಾಠಿ ತಾಯಿಯೊಬ್ಬಳ ಪಕ್ಕ ಕೂತು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ರಕ್ತದ ಸಂಗತಿಯೆಲ್ಲ ವಿವರಿಸಿದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡಾಕ್ಟರು, "ಎಲ್ಲ ಸರಿ ಅಮ್ಮಾ. ಮನೆಯಲ್ಲಿ ತಾವೇ ಶುರು ಮಾಡಬಾರದು ಅಂತಲೂ ಹೇಳಿ," ಎಂದರು.

"ಅದನ್ನ ಮೊದಲ ಹೇಳೇನ್ರಿ," ಎಂದಳು ಅವ್ವ. "ನೀವು ಒಳಗ ಹೋಗ್ರಿ, ಪೇಶಂಟ್ ಕಾಯಾಕತ್ತಾರ."