ಬುಟ್ಟಿ ಹಿಡಿಸುವಷ್ಟು

ಮುಲ್ಕಿ ಪರೀಕ್ಷೆಯಲ್ಲಿ ನಾನು ಒಮ್ಮೆ ನಪಾಸಾದೆ. ಓದದೆ ಅಲ್ಲ, ಹಟ ಹಿಡಿದು. ಇದನ್ನು ಹೇಳಿಕೊಳ್ಳಲು ಆಗಲೂ ನನಗೆ ನಾಚಿಕೆಯಿರಲಿಲ್ಲ, ಈಗಂತೂ ಕೇಳಬೇಡಿ.

ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಕೆಲಸ ಸಿಗುತ್ತಿತ್ತು. ತುಕ್ಕಾನಟ್ಟಿಯಲ್ಲಿ ನಮ್ಮದು ಒಕ್ಕಲು ಮನೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಕಾಕಾನ ಮಾತೇ ನಡೆಯುತ್ತಿತ್ತು. "ಪಾಸಾದ್ರ ಮಾಸ್ತರಬಾಯಿ ಆಗು, ಇಲ್ಲಂದ್ರ ಸುಮ್ನ ಅಕ್ಕಿಕಾಳಿಗಿ ನಿಂದ್ರು" ಎಂದಿದ್ದ. ಅಕ್ಕಿಕಾಳೆಂದರೆ ಮದುವೆ; ವರನನ್ನೂ ನೋಡಿಟ್ಟಿದ್ದ.

ನಮ್ಮ ಪುಸ್ತಕದಲ್ಲಿ ಒಬ್ಬ ಇಂಗ್ಲಿಷ್ ಜಮೀನ್ದಾರನ ಚರಿತ್ರೆಯಿತ್ತು. ಸತ್ತು ನೂರಾರು ವರ್ಷವಾದ ಮನುಷ್ಯ. ತುಕ್ಕಾನಟ್ಟಿಯ ಹುಡುಗಿ ಅವನನ್ನು ಯಾಕೆ ಬಾಯಿಪಾಠ ಮಾಡಬೇಕಿತ್ತೋ, ಆ ಪುಸ್ತಕ ಬರೆದವರೇ ಹೇಳಬೇಕು. ಮೀಸೆ ಮೂಡುವ ಮೊದಲೇ ತಂದೆಯ ಆಸ್ತಿ ಅವನ ಕೈಗೆ ಬಂತು. ದೊಡ್ಡ ವಿದ್ಯಾಪೀಠದಲ್ಲಿ ಓದಿದ, ಓದಿದ್ದಕ್ಕಿಂತ ಹೆಚ್ಚು ಕುದುರೆ ಓಡಿಸಿದ. ಪಾರ್ಲಿಮೆಂಟಿಗೆ ಆರಿಸಿ ಹೋದ. ಆರಿಸಿದವರು ಅವನದೇ ಹೊಲ ಮಾಡುವ ರೈತರು, ಬೇರೆಯವನ ಹೆಸರು ಹೇಳುವ ಧೈರ್ಯ ಯಾರಿಗಿತ್ತು? ಊರ ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಬೇಲಿ ಹಾಕುವ ಕಾಯ್ದೆ ತಂದ, ತಾನೇ ಕೈಯೆತ್ತಿ ಪಾಸು ಮಾಡಿದ, ತಾನೇ ಬೇಲಿ ಹಾಕಿದ. ಮಹಡಿಯ ಕಿಟಕಿಯಿಂದ ನೋಟ ಕೆಡುತ್ತದೆಂದು ಬಡವರ ಗುಡಿಸಲು ಕೀಳಿಸಿ ಅಲ್ಲಿ ಕೆರೆ ತೋಡಿಸಿದ. ಹಾಗೆ ಮನೆ ಕಳೆದುಕೊಂಡವರಿಗೇ ಚಳಿಗಾಲಕ್ಕೊಂದು ಕಂಬಳಿ ಹಂಚಿ, ಧರ್ಮಾತ್ಮ ಎನಿಸಿಕೊಂಡು ಸತ್ತ. ಅಲ್ಲಿಯ ಚರ್ಚಿನಲ್ಲಿ ಅವನ ಅಮೃತಶಿಲೆಯ ಮೂರ್ತಿ ಮಲಗಿದೆಯಂತೆ. ಪುಸ್ತಕ ಇದನ್ನೆಲ್ಲ ಹೊಗಳಿಯೇ ಹೇಳಿತ್ತು. ಕೊನೆಗೊಂದು ಪ್ರಶ್ನೆ: ಈ ಮಹನೀಯರ ಜೀವನದಿಂದ ನಾವು ಏನು ಕಲಿಯುತ್ತೇವೆ? ಉತ್ತರವನ್ನೂ ಮಾಸ್ತರರು ಬರೆಸಿದ್ದರು: ಉದ್ಯಮಶೀಲತೆ, ದೂರದೃಷ್ಟಿ, ದೀನರಲ್ಲಿ ದಯೆ.

ಹಿತ್ತಲಲ್ಲಿ ಒಲೆಗೆಂದು ಸಗಣಿಯ ಕುಳ್ಳು ತಟ್ಟುತ್ತಿದ್ದ ಅವ್ವನ ಮುಂದೆ ಕುಳಿತು ಇದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಬೇಲಿಯ ಮಾತು ಬಂದಾಗ ಸಗಣಿಯ ಕೈ ನಿಲ್ಲಿಸಿದಳು.

"ಊರ ಗಾಯರಾಣ ಎಲ್ಲಾ ಅಂವ ಒಬ್ನ ತಗೊಂಡನ?"

"ಹೂಂ ಅವ್ವಾ."

"ಅಷ್ಟ ದೊಡ್ಡ ಬುಟ್ಟಿ ಅವಗ ಯಾರ ಹೆಣದಕೊಟ್ರ?"

ಅವ್ವನ ಈ ಪ್ರಶ್ನೆ ತಿಳಿಯಬೇಕಾದರೆ ನಮ್ಮಲ್ಲಿಯ ರೂಢಿ ಗೊತ್ತಿರಬೇಕು. ಗಾಯರಾಣವೆಂದರೆ ಊರ ದನಗಳೆಲ್ಲ ಮೇಯುವ, ಯಾರೊಬ್ಬರದೂ ಅಲ್ಲದ ಹುಲ್ಲುನೆಲ. ಅಲ್ಲಿ ಬಿದ್ದ ಸಗಣಿ ಮೊದಲು ಕಂಡವರದು. ಕಂಡ ಕೂಡಲೇ ಅದಕ್ಕೊಂದು ಕಡ್ಡಿ ಚುಚ್ಚಿಟ್ಟರೆ ಮುಗಿಯಿತು, ಜಗಳವಾಡಿ ಮಾತು ಬಿಟ್ಟವರೂ ಅದನ್ನು ಮುಟ್ಟುತ್ತಿರಲಿಲ್ಲ. ಆದರೆ ಕಡ್ಡಿ ಚುಚ್ಚುವುದು ತನ್ನ ಬುಟ್ಟಿ ಹಿಡಿಸುವಷ್ಟಕ್ಕೆ ಮಾತ್ರ.

ಎಂಟು ವರ್ಷದವಳಿದ್ದಾಗ ಒಂದು ಮುಂಜಾನೆ ನಾನು ಎಲ್ಲರಿಗಿಂತ ಮೊದಲು ಓಡಿ, ಕಂಡಕಂಡದ್ದಕ್ಕೆಲ್ಲ ಕಡ್ಡಿ ಚುಚ್ಚಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ. ಬುಟ್ಟಿ ತುಂಬಿದರೂ ಕಡ್ಡಿಗಳು ಮುಗಿಯಲಿಲ್ಲ. ಹಿಂದೆ ಬಂದ ಹೆಂಗಸರು ಬರಿಬುಟ್ಟಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅವ್ವ ಬಂದವಳೇ ನನ್ನ ತುಂಬಿದ ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದಳು. ಎಲ್ಲರೆದುರು ನನ್ನ ಕೈಯಿಂದಲೇ ಒಂದೊಂದಾಗಿ ಕಡ್ಡಿ ಕೀಳಿಸಿದಳು. ಅವಮಾನಕ್ಕೆ ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ.

ತೋಂಡಿ ಪರೀಕ್ಷೆ, ಅಂದರೆ ಎದುರು ನಿಂತು ಬಾಯಿಂದ ಉತ್ತರ ಹೇಳುವುದು, ಗೋಕಾಕದಲ್ಲಿತ್ತು. ಪರೀಕ್ಷಕರು ಬಿಳಿ ರುಮಾಲಿನ, ಮೆತ್ತನೆಯ ಮಾತಿನ ಹಿರಿಯರು. ಜಮೀನ್ದಾರನ ಚರಿತ್ರೆ ಹೇಳೆಂದರು. ಅರಳು ಹುರಿದಂತೆ ಹೇಳಿದೆ. ತಲೆದೂಗಿ, ಅವರಿಂದ ಏನು ಕಲಿಯುತ್ತೇವೆ ಎಂದು ಕೇಳಿದರು.

ಬರೆಸಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಕೆಲಸ ನನ್ನದು. ಆದರೆ ಕಿತ್ತ ಕಡ್ಡಿಗಳು ನೆನಪಾಗಿ ನೆತ್ತಿಗೆ ಸಿಟ್ಟು ಏರಿತು. ಎಂಟು ವರ್ಷದ ನಾನು ಮಾಡಿದ ತಪ್ಪಿಗೆ ಊರೆದುರು ಅಳಬೇಕಾಯಿತು. ಅದೇ ತಪ್ಪಿಗೆ ಇವನಿಗೆ ಅಮೃತಶಿಲೆಯೇ?

"ಬುಟ್ಟಿ ಹಿಡಿಸೂದಕ್ಕಿಂತ ಜಾಸ್ತಿ ಕಡ್ಡಿ ಚುಚ್ಚಬಾರದು ಅಂತ ಕಲಿತೀವ್ರಿ" ಎಂದೆ.

ಹಾಗೆಂದರೇನೆಂದು ಕೇಳಿದರು. ಸಗಣಿ, ಕಡ್ಡಿ, ಬುಟ್ಟಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಹಿಂದೆ ಕುಳಿತವರು ನಕ್ಕರು, ಪರೀಕ್ಷಕರು ನಗಲಿಲ್ಲ.

"ಪುಸ್ತಕದಾಗ ಇದ್ದದ್ದು ಹೇಳವಾ."

"ಪುಸ್ತಕದಾಗ ಇದ್ದದ್ದು ಆಗಳೇ ಹೇಳೀನ್ರಿ. ಕಲಿತದ್ದು ನಂದ್ರಿ."

ನಪಾಸು ಮಾಡಿದರು. ಕಾಕಾ ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದ. "ಸತ್ತ ಇಂಗ್ರೇಜಿ ಮನಷ್ಯಾನ ಕೂಡ ನಿನಗೇನ ಜಗಳಾ? ಅಂವೇನ ನಿನ್ನ ಹೊಲಾ ನುಂಗಿದ್ನೇನ?" ಬಾಗಿಲಲ್ಲಿದ್ದ ಅವ್ವ ಅಂದಳು: "ಆಕಿ ಆಡಿದ್ದು ನನ್ನ ಮಾತು. ನಪಾಸ ಮಾಡೂದಿದ್ರ ನನ್ನ ಮಾಡ್ಲಿ. ಇನ್ನೊಂದ ಸಲ ಆಕಿ ಹೋಗಾಕ ಬೇಕು." ಕಾಕಾ ಕೊನೆಗೆ ಒಪ್ಪಿದ. ಈ ಸಲ ಪುಸ್ತಕದ ಉತ್ತರ ಹೇಳದಿದ್ದರೆ ಮರುವಾರವೇ ಅಕ್ಕಿಕಾಳು ಎಂದ.

ಮರುವರ್ಷ ಅದೇ ಕೋಣೆ, ಅದೇ ರುಮಾಲು. ಅವರಿಗೆ ನನ್ನ ಗುರುತು ಸಿಕ್ಕಿತು.

"ಈ ಸಲಾ ಏನ ಕಲಿತೀಯವಾ?"

"ಹ್ವಾದ ವರ್ಷ ಕಲಿತದ್ದು ಮರತಿಲ್ರಿ."

"ಮತ್ತ ನಪಾಸ ಮಾಡಿದ್ರ?"

"ಮುಂದಿನ ವರ್ಷ ಬರಾಕ ಕಾಕಾ ಬಿಡಾಂಗಿಲ್ರಿ. ಆದ್ರೂ ಉತ್ತರಾ ಅದ ಐತ್ರಿ."

ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ಅವ್ವ ಎಂದೆ. ಆಕೆ ಎಷ್ಟು ಓದಿದ್ದಾಳೆ ಎಂದರು. ಓದಿಲ್ಲ ಎಂದೆ. ಏನೋ ಬರೆದುಕೊಂಡು, ಹೋಗೆಂದು ಕೈ ಮಾಡಿದರು.

ಪಾಸಾದೆ. ತೋಂಡಿಯಲ್ಲಿ ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ನನ್ನ ಬುಟ್ಟಿಗೆ ಅಷ್ಟು ಸಾಕಾಗಿತ್ತು.

ಹುಕ್ಕೇರಿ ತಾಲೂಕಿನ ಯಮಕನಮರಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಅದೇ ಪುಸ್ತಕ, ಅದೇ ಜಮೀನ್ದಾರ. ಪಾಠವನ್ನು ಒಂದು ಅಕ್ಷರ ಬಿಡದೆ ಓದಿಸಿದೆ. ಕೊನೆಯ ಪ್ರಶ್ನೆ ಬಂದಾಗ ಹುಡುಗಿಯರು ಬಳಪ ಹಿಡಿದು, ನಾನು ಉತ್ತರ ಬರೆಸುತ್ತೇನೆಂದು ಕಾದು ಕುಳಿತರು. ಉತ್ತರ ಬರೆಸಲಿಲ್ಲ, ಅಂದೂ ಇಲ್ಲ, ಮುಂದೆ ಯಾವ ವರ್ಷವೂ ಇಲ್ಲ. ಇನ್ನೊಂದು ಪ್ರಶ್ನೆ ಬರೆಸಿದೆ: ಅಷ್ಟು ದೊಡ್ಡ ಬುಟ್ಟಿ ಅವನಿಗೆ ಯಾರು ಹೆಣೆದುಕೊಟ್ಟರು?